ಕಾಸರಗೋಡಿನ ಮಳೆ, ಉಪ್ಪುಗಾಳಿ ಮತ್ತು ಹಳೆ ಟೂರಿಂಗ್ ಬೈಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಗೆಳೆಯರು ವರ್ಕ್‌ಶಾಪಿನ ಬಾಗಿಲಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವರ ಹತ್ತಿರ ಇರುವುದು ಎರಡರಲ್ಲಿ ಒಂದು ಗಾಡಿ. ಕಾಸ್ಟ್ ಐರನ್ (ಬೀಡು ಕಬ್ಬಿಣ) ಎಂಜಿನ್ನಿನ ಹಳೆ ಬುಲೆಟ್ 350, ಇಲ್ಲವಾದರೆ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಥಂಡರ್‌ಬರ್ಡ್ ಟ್ವಿನ್‌ಸ್ಪಾರ್ಕ್. ಹಾಗಾಗಿ ಉತ್ತರಗಳಲ್ಲಿ ಅವೇ ಜಾಸ್ತಿ ಬರುತ್ತವೆ. ಮಳೆ, ತುಕ್ಕು, ಬ್ರೇಕ್ ಬಗ್ಗೆ ಹೇಳಿದ್ದು ಹಳೆ ಕರಿಜ್ಮಾ, ಅವೆಂಜರ್ ಇದ್ದವರಿಗೂ ಆಗುತ್ತದೆ.

ನನ್ನ ನಂಬಿಕೆ ಒಂದೇ. ನಮ್ಮ ಕಡೆ ಹಳೆ ಗಾಡಿ ಓಡಿ ಹಾಳಾಗುವುದಿಲ್ಲ. ನೀರು ಕುಡಿದು, ಉಪ್ಪು ಹಿಡಿದು, ಸುಮ್ನೆ ನಿಂತು ಹಾಳಾಗುತ್ತದೆ. ದುಡ್ಡೂ ಗಮನವೂ ಮೊದಲು ಹೋಗಬೇಕಾದ್ದು ಅಲ್ಲಿಗೆ.

## ಗಾಡಿ ತೆಗೆದುಕೊಳ್ಳುವ ಮೊದಲು

ಸೆಕೆಂಡ್ ಹ್ಯಾಂಡ್ ಬುಲೆಟ್ ಒಂದು ನೋಡ್ಲಿಕ್ಕೆ ಹೋಗ್ತಿದ್ದೇನೆ. ಎಂತೆಲ್ಲ ನೋಡ್ಬೇಕು?

ಮೊದಲು ಫೋನ್ ಮಾಡಿ, ನೀವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗಿ ಹಲವು ರೋಗ ಮುಚ್ಚಿಡುತ್ತದೆ.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದೇ ಅರ್ಥ. ಕಾಸ್ಟ್ ಐರನ್ ಬುಲೆಟ್ ಕೆಲವು ದಿನ ನಿಂತಿದ್ದರೆ ಮೊದಲ ನಿಮಿಷ ಒಂದಿಷ್ಟು ನೀಲಿ ಹೊಗೆ ಬಿಡುವುದುಂಟು. ಆಯಿಲ್ ಟ್ಯಾಂಕಿನಲ್ಲಿರಬೇಕಾದ ಆಯಿಲ್ ನಿಧಾನವಾಗಿ ಎಂಜಿನ್ನಿನ ತಳದ ಕ್ರ್ಯಾಂಕ್ ಕೇಸಿಗೆ ಇಳಿದಿರುತ್ತದೆ, ಅದು ಸುಟ್ಟು ಹೊರಗೆ ಬರುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಮಾತ್ರ ಯೋಚಿಸಿ.

ಆಮೇಲೆ ಕೆಳಗೆ ಕೂತು ನೋಡಿ. ಸೈಲೆನ್ಸರಿನ ಅಡಿಭಾಗ, ಮಡ್‌ಗಾರ್ಡಿನ ಒಳಮೈ, ಬ್ಯಾಟರಿ ಇಡುವ ತಟ್ಟೆ, ಸೆಂಟರ್ ಸ್ಟ್ಯಾಂಡಿನ ಬುಡ. ಸಮುದ್ರದ ಹತ್ತಿರ ಇದ್ದ ಗಾಡಿಗೆ ತುಕ್ಕು ಹಿಡಿಯುವುದು ಇಲ್ಲಿಂದಲೇ. ಹೊಸ ಪೇಂಟ್ ಹೊಳೆಯುತ್ತಿದ್ದರೆ ಇನ್ನೂ ಹೆಚ್ಚು ಎಚ್ಚರ ಇರಲಿ. ಚಾಸಿಸ್ ನಂಬರ್ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ನಂಬರಿನ ಜಾಗದಲ್ಲಿ ಉಜ್ಜಿದ ಗುರುತಿದ್ದರೆ ಅಲ್ಲಿಂದಲೇ ಎದ್ದು ಬನ್ನಿ.

ಕಾಸ್ಟ್ ಐರನ್ ಒಳ್ಳೆಯದಾ, ಟ್ವಿನ್‌ಸ್ಪಾರ್ಕ್ ಒಳ್ಳೆಯದಾ ಅಣ್ಣ?

ದೂರ ಹೋಗುವ ಆಸೆ ಇದ್ದು, ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲದವರಿಗೆ ಟ್ವಿನ್‌ಸ್ಪಾರ್ಕ್. ಅದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗ, ಆಯಿಲ್ ಒತ್ತಡದಲ್ಲಿ ತಾನೇ ಸರಿಹೊಂದುತ್ತದೆ) ಇದೆ, ಸೆಟ್ ಮಾಡುವ ಕೆಲಸ ಇಲ್ಲ. ಐದು ಗಿಯರ್, ಎಲೆಕ್ಟ್ರಿಕ್ ಸ್ಟಾರ್ಟ್, ಮುಂದೆ ಡಿಸ್ಕ್ ಬ್ರೇಕ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆರಾಮವಾಗಿ ಹೋಗುತ್ತದೆ.

ಕಾಸ್ಟ್ ಐರನ್ ಎಂಜಿನ್ 346 ಸಿಸಿ, ಬೋರ್ (ಸಿಲಿಂಡರಿನ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 90 ಮಿ.ಮೀ. ಉದ್ದ ಸ್ಟ್ರೋಕ್ ಆದ್ದರಿಂದ ಕಡಿಮೆ ವೇಗದಲ್ಲೇ ಒಳ್ಳೆ ಎಳೆತ. 60ರಿಂದ 70 ಕಿ.ಮೀ. ವೇಗದಲ್ಲಿ ಅದು ಖುಷಿಯಾಗಿರುತ್ತದೆ, ಅದಕ್ಕಿಂತ ಮೇಲೆ ಗಂಟೆಗಟ್ಟಲೆ ಓಡಿಸಿದರೆ ಇಲ್ಲ. ಪಾಯಿಂಟ್ (ಕರೆಂಟ್ ಕಡಿದು ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್), ಟ್ಯಾಪೆಟ್, ಆಯಿಲ್ ಮೂರನ್ನೂ ನೀವೇ ನೋಡಿಕೊಳ್ಳಲು ತಯಾರಿದ್ದರೆ ಅದರಷ್ಟು ಸರಳ ಗಾಡಿ ಇನ್ನೊಂದಿಲ್ಲ.

ಒಂದು ವಿಷಯ ನೆನಪಿಡಿ. ಹಳೆ ಬುಲೆಟ್ಟಿನಲ್ಲಿ ಗಿಯರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಫಸ್ಟ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಬೇರೆ ಬೈಕ್ ಓಡಿಸಿ ಬಂದವರು ಮೊದಲ ವಾರ ತೋಟದ ರಸ್ತೆಯಲ್ಲಿ, ಊರೊಳಗೆ ಓಡಿಸಿ ಕಾಲಿಗೆ ಅಭ್ಯಾಸ ಮಾಡಿಸಿ. ಗಾಬರಿಯಲ್ಲಿ ಹಳೆ ಅಭ್ಯಾಸದ ಕಾಲೇ ಮುಂದೆ ಬರುತ್ತದೆ, ಬ್ರೇಕ್ ಎಂದು ಗಿಯರ್ ತುಳಿಯುತ್ತೇವೆ.

ಮಂಗಳೂರಿನ ಕೆಎ-19 ಗಾಡಿ ಕಮ್ಮಿಗೆ ಸಿಕ್ತಾ ಉಂಟು. ಕಾಸರಗೋಡಲ್ಲಿ ಹಾಗೇ ಓಡಿಸಬಹುದಾ?

ಓಡಿಸಬಹುದು, ಆದರೆ ಯಾವಾಗಲೂ ಅಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಮೊದಲು ಮಂಗಳೂರಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಹೊಸ ನಂಬರಿಗೆ ಫಾರ್ಮ್ 27, ಮಾಲೀಕರ ಹೆಸರು ಬದಲಿಸಲು ಫಾರ್ಮ್ 29 ಮತ್ತು 30. ಕೇರಳದ ತೆರಿಗೆಯನ್ನೂ ಕಟ್ಟಬೇಕು.

ಇದನ್ನೆಲ್ಲ ಲೆಕ್ಕ ಹಾಕಿ ಆಮೇಲೆ ಬೆಲೆ ಮಾತಾಡಿ. ಗಡಿಯ ತಲಪಾಡಿ ಆಚೆ ಕಮ್ಮಿಗೆ ಸಿಕ್ಕಿದ ಗಾಡಿ ಈಚೆ ಬಂದು ಕೆಎಲ್-14 (ಕಾಸರಗೋಡಿನ ನಂಬರ್) ಆಗುವಾಗ ಕಮ್ಮಿಯೇ ಆಗಿರುತ್ತದೆ ಎಂದೇನಿಲ್ಲ. ಎನ್‌ಒಸಿ ತೆಗೆಸಿಕೊಡುವ ಜವಾಬ್ದಾರಿ ಮಾರುವವರದ್ದು ಎಂದು ದುಡ್ಡು ಕೊಡುವ ಮೊದಲೇ ಮಾತಾಡಿಕೊಳ್ಳಿ. ಬಾಯಿಮಾತು ಸಾಕಾಗುವುದಿಲ್ಲ.

15 ವರ್ಷ ಆದ ಗಾಡಿ ಸ್ಕ್ರ್ಯಾಪಿಗೆ ಕೊಡ್ಲೇಬೇಕಾ?

ಬೇಡ. 15 ವರ್ಷಕ್ಕೆ ಮುಗಿಯುವುದು ನೋಂದಣಿ, ಗಾಡಿಯ ಆಯುಸ್ಸಲ್ಲ. ಆರ್‌ಟಿಒದಲ್ಲಿ ಗಾಡಿ ತೋರಿಸಿ, ಪರೀಕ್ಷೆ ಪಾಸ್ ಆದರೆ ಇನ್ನು 5 ವರ್ಷಕ್ಕೆ ನವೀಕರಣ ಆಗುತ್ತದೆ. ಅರ್ಜಿ ಫಾರ್ಮ್ 25. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಿನಿಂದಲೇ ಹಾಕಬಹುದು. ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ.

ಪರೀಕ್ಷೆಗೆ ಹೋಗುವ ಮೊದಲು ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ಸ್ಪೀಡೋಮೀಟರ್, ಕನ್ನಡಿ, ನಂಬರ್ ಪ್ಲೇಟ್ ಸರಿ ಮಾಡಿಸಿ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಹಿಂದಿನ ಬ್ರೇಕ್ ಲೈಟ್ ಉರಿಯದಿದ್ದರೆ ವಾಪಸ್ ಕಳಿಸುತ್ತಾರೆ.

## ಮಳೆ, ಉಪ್ಪು, ತುಕ್ಕು

ಮಳೆಗಾಲಕ್ಕೆ ಮೊದಲು ಕರಿ ಆಯಿಲ್ ಹಚ್ಚಿದ್ರೆ ಸಾಕಾ?

ನಮ್ಮ ಕಡೆ ಮೇ ತಿಂಗಳು ಬಂತೆಂದರೆ ಹಳೆ ಎಂಜಿನ್ ಆಯಿಲನ್ನು ಬ್ರಷ್ಷಿನಲ್ಲಿ ಅಡಿಗೆಲ್ಲ ಹಚ್ಚುವುದು ರೂಢಿ. ಜೀಪಿನ ಚಾಸಿಸ್ಸಿಗೆ ಅದು ಹೇಗೋ ನಡೆಯುತ್ತದೆ. ಬೈಕಿಗೆ ನಾನು ಬೇಡ ಎನ್ನುತ್ತೇನೆ. ಆ ಆಯಿಲ್‌ನಲ್ಲಿ ಎಂಜಿನ್ನಿನ ಆಮ್ಲ, ಲೋಹದ ಪುಡಿ ಎಲ್ಲ ಇರುತ್ತದೆ. ರಬ್ಬರ್ ಬುಷ್ ಉಬ್ಬುತ್ತದೆ. ಕೆಂಪು ಮಣ್ಣು ಅಂಟಿ ದಪ್ಪ ಪದರ ಆಗುತ್ತದೆ, ಅದರ ಒಳಗೆ ನೀರು ನಿಂತು ತುಕ್ಕು ಇನ್ನೂ ಜೋರಾಗುತ್ತದೆ. ಒಂದು ಹನಿ ಬ್ರೇಕ್ ಡಿಸ್ಕಿಗೋ ಡ್ರಮ್ಮಿಗೋ ಬಿದ್ದರೆ ಮುಗಿಯಿತು.

ಬದಲಿಗೆ ಹೀಗೆ ಮಾಡಿ. ಮಳೆ ಹಿಡಿಯುವ ಮೊದಲು, ಬಿಸಿಲಿರುವ ದಿನ ಗಾಡಿ ಪೂರ್ತಿ ತೊಳೆದು ಒಣಗಿಸಿ. ತುಕ್ಕು ಕಂಡಲ್ಲಿ ಎಮರಿ ಪೇಪರಿನಲ್ಲಿ ಲೋಹ ಕಾಣುವವರೆಗೆ ಉಜ್ಜಿ, ಪ್ರೈಮರ್ ಹಾಕಿ, ಮೇಲೆ ಪೇಂಟ್. ಮಡ್‌ಗಾರ್ಡಿನ ಒಳಮೈಗೆ ರಬ್ಬರ್ ಕೋಟಿಂಗ್. ಬೋಲ್ಟುಗಳ ತಲೆಗೆ ಗ್ರೀಸ್ ಸವರಿ. ಕ್ರೋಮ್ ಇರುವಲ್ಲಿ ಮೇಣದ ಪಾಲಿಷ್. ಒಂದು ಭಾನುವಾರದ ಕೆಲಸ, ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಇದಕ್ಕಿಂತ ಲಾಭದ ಭಾನುವಾರ ಇಲ್ಲ.

ಬೇಕಲಕ್ಕೆ ಹೋಗಿ ಬಂದ್ರೆ ಪ್ರತಿ ಸಲ ತೊಳೀಬೇಕಾ?

ರಸ್ತೆಯಲ್ಲೇ ಹೋಗಿ ಬಂದರೆ ವಾರಕ್ಕೊಮ್ಮೆ ಸಾಕು. ಮರಳಿನ ಮೇಲೆ ಇಳಿಸಿದ್ದರೆ ಅಂದೇ ತೊಳೆಯಿರಿ. ಬಾವಿ ನೀರು ಪೈಪಿನಲ್ಲಿ ಮೆಲ್ಲಗೆ ಬಿಟ್ಟರೆ ಸಾಕು, ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ವಾಷ್ ಬೇಡ. ಆ ರಭಸಕ್ಕೆ ನೀರು ವೀಲ್ ಬೇರಿಂಗ್, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿಯುವ ತೋಳು) ಬುಷ್ ಒಳಗೆ ನುಗ್ಗಿ ಗ್ರೀಸ್ ಹೊರಗೆ ಹಾಕುತ್ತದೆ. ತೊಳೆದ ಮೇಲೆ ಒಂದೆರಡು ಕಿ.ಮೀ. ಓಡಿಸಿ ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, ತಾನೇ ಒಣಗುತ್ತದೆ.

ತೋಟಕ್ಕೆ ಗೊಬ್ಬರ, ಮೈಲುತುತ್ತು ಎಲ್ಲ ಇದೇ ಬೈಕಿನಲ್ಲಿ ತರ್ತೇನೆ. ತೊಂದರೆ ಉಂಟಾ?

ಇದೆ, ಅದೂ ದೊಡ್ಡದು. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ಕಾಲದಲ್ಲಿ ಮೈಲುತುತ್ತಿನ ಚೀಲ ಕ್ಯಾರಿಯರಿನಲ್ಲಿಟ್ಟು ತರುವವರು ಎಷ್ಟೋ ಜನ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಒದ್ದೆಯಾದ ಪುಡಿ ಕಬ್ಬಿಣಕ್ಕೋ ಅಲ್ಯೂಮಿನಿಯಮ್ಮಿಗೋ ತಾಗಿದರೆ ತಾಮ್ರ ಅಲ್ಲಿ ಕೂರುತ್ತದೆ, ಮೂಲ ಲೋಹ ಕರಗಿ ಹೋಗುತ್ತದೆ. ಕ್ಯಾರಿಯರ್ ಕೆಳಗಿನ ಮಡ್‌ಗಾರ್ಡ್ ತೂತು ಬಿದ್ದ ಗಾಡಿ ನೋಡಿದರೆ ನಾನು ಮೊದಲು ಕೇಳುವುದೇ ಇದನ್ನು. ಗೊಬ್ಬರದ ಉಪ್ಪೂ ಹೀಗೇ ತಿನ್ನುತ್ತದೆ. ತರಲೇಬೇಕಾದರೆ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ತನ್ನಿ, ಮನೆಗೆ ಬಂದ ಕೂಡಲೇ ಹಿಂಭಾಗಕ್ಕೆ ನೀರು ಹಾಕಿ.

ನಾನು ಶಾರ್ಜಾದಲ್ಲಿರೋದು. ಗಾಡಿ ಊರಲ್ಲಿ ವರ್ಷಗಟ್ಟಲೆ ನಿಲ್ತದೆ. ಹೇಗೆ ಇಟ್ಟು ಬರ್ಬೇಕು?

ಈ ಪ್ರಶ್ನೆ ಕೇಳದ ಮನೆ ಕಾಸರಗೋಡಿನಲ್ಲಿ ಕಡಿಮೆ. ಹೋಗುವ ಹಿಂದಿನ ವಾರ ಹೊಸ ಎಂಜಿನ್ ಆಯಿಲ್ ಹಾಕಿಸಿ. ಹಳೆ ಆಯಿಲಿನ ಆಮ್ಲ ಬೇರಿಂಗಿನ ಮೇಲೆ ವರ್ಷವಿಡೀ ಕೂರಬಾರದು. ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ಆಡಿಸಿ. ಕಾರ್ಬ್ಯುರೇಟರಿನ ಅಡಿಯ ಸ್ಕ್ರೂ ತಿರುಗಿಸಿ ಉಳಿದ ಪೆಟ್ರೋಲ್ ಇಳಿಸಿ. ಪ್ಲಗ್ ಬಿಚ್ಚಿ ಒಂದು ಚಮಚ ಆಯಿಲ್ ಸಿಲಿಂಡರಿಗೆ ಹಾಕಿ, ಪ್ಲಗ್ ತೂತಿಗೆ ಬಟ್ಟೆ ಅಡ್ಡ ಹಿಡಿದು ಮೆಲ್ಲಗೆ ಕಿಕ್ ಹೊಡೆದು, ಪ್ಲಗ್ ಮತ್ತೆ ಹಾಕಿ. ಬ್ಯಾಟರಿ ಬಿಚ್ಚಿ ಒಳಗಿಡಿ. ಸೆಂಟರ್ ಸ್ಟ್ಯಾಂಡ್ ಹಾಕಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಇಲಿ, ಕಣಜ ಗೂಡು ಕಟ್ಟುತ್ತವೆ.

ಪ್ಲಾಸ್ಟಿಕ್ ಟಾರ್ಪಾಲ್ ಸುತ್ತಬೇಡಿ. ಒಳಗೆ ಬೆವರು ಕಟ್ಟಿ ಮಳೆಯಲ್ಲಿ ನಿಂತದ್ದಕ್ಕಿಂತ ಕಡೆ ಆಗುತ್ತದೆ. ಹಳೆ ಹತ್ತಿ ಬೆಡ್‌ಶೀಟ್ ಸಾಕು.

ಮನೆಯವರಿಗೆ "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಆಫ್ ಮಾಡು" ಎಂದು ಹೇಳಿ ಹೋಗುವವರೇ ಹೆಚ್ಚು. ಅದು ಬೇಡವೇ ಬೇಡ. ಎರಡು ನಿಮಿಷ ಓಡಿದ ಎಂಜಿನ್ ಬಿಸಿಯಾಗುವುದಿಲ್ಲ. ಸುಟ್ಟ ಪೆಟ್ರೋಲಿನಿಂದ ಹುಟ್ಟಿದ ನೀರು ಆಯಿಲಿಗೂ ಸೈಲೆನ್ಸರಿಗೂ ಇಳಿದು ಅಲ್ಲೇ ಉಳಿಯುತ್ತದೆ. ತಮ್ಮನೋ ಭಾವನೋ ತಿಂಗಳಿಗೆ ಒಂದೆರಡು ಸಲ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದಾದರೆ ಓಡಿಸಲಿ, ಆಗ ಮೇಲಿನ ಯಾವ ಕೆಲಸವೂ ಬೇಡ. ಇಲ್ಲವಾದರೆ ಮುಟ್ಟದೇ ಇರಲಿ.

ನೀರು ನಿಂತ ರಸ್ತೆಯಲ್ಲಿ ಬಂದ್ ಬಿತ್ತು. ಕಿಕ್ ಹೊಡೀಬಹುದಾ?

ಹೊಡೆಯಬೇಡಿ. ಮೊದಲು ತಳ್ಳಿ ಎತ್ತರದ ಜಾಗಕ್ಕೆ ತನ್ನಿ. ಏರ್ ಫಿಲ್ಟರ್ ತೆಗೆದು ನೋಡಿ. ಅದು ಒಣಗಿದ್ದರೆ ಒಳಗೆ ನೀರು ಹೋಗಿಲ್ಲ, ಪ್ಲಗ್ ಕ್ಯಾಪ್ ಒದ್ದೆಯಾಗಿ ಕರೆಂಟ್ ಹೋಗಿರಬೇಕು. ಒರೆಸಿ, ಊದಿ, ಸ್ಟಾರ್ಟ್ ಮಾಡಿ. ಫಿಲ್ಟರ್ ಒದ್ದೆಯಾಗಿದ್ದರೆ ಪ್ಲಗ್ ಬಿಚ್ಚಿದ ಮೇಲೆಯೇ ಕಿಕ್ ಹೊಡೆಯಬೇಕು, ಸಿಲಿಂಡರಿನ ನೀರು ಆ ತೂತಿನಿಂದ ಹೊರಗೆ ಬರಲಿ. ನೀರನ್ನು ಪಿಸ್ಟನ್ ಒತ್ತಲಾರದು. ಪ್ಲಗ್ ಇದ್ದ ಹಾಗೇ ಒತ್ತಾಯ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಮನೆಗೆ ಬಂದ ಮೇಲೆ ಆಯಿಲ್ ನೋಡಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಆಗಲೇ ಬದಲಿಸಿ. ಡ್ರಮ್ ಬ್ರೇಕ್ ಇದ್ದವರು ನೀರಿನಿಂದ ಹೊರಬಂದ ಮೇಲೆ ನಿಧಾನ ವೇಗದಲ್ಲಿ ಬ್ರೇಕನ್ನು ಹಗುರಾಗಿ ಒತ್ತಿ ಹಿಡಿದು ಸ್ವಲ್ಪ ದೂರ ಓಡಿಸಿ. ಲೈನರ್ ಒಣಗುವವರೆಗೆ ಬ್ರೇಕ್ ಇದೆ ಎಂದು ನಂಬಬೇಡಿ.

## ದಿನನಿತ್ಯದ ಆರೈಕೆ

ಇ20 ಪೆಟ್ರೋಲ್ ಹಾಕಿದ್ರೆ ಹಳೆ ಗಾಡಿ ಹಾಳಾಗ್ತದಂತೆ, ಹೌದಾ?

ಒಂದು ಟ್ಯಾಂಕ್ ಹಾಕಿದ ಕೂಡಲೇ ಏನೂ ಆಗುವುದಿಲ್ಲ. ನಿಧಾನವಾಗಿ ಆಗುವ ಕೆಲಸ ಇದು. ಇ20 ಎಂದರೆ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆ ಕಾಲದ ರಬ್ಬರನ್ನು ಉಬ್ಬಿಸುತ್ತದೆ ಇಲ್ಲವೇ ಗಟ್ಟಿ ಮಾಡುತ್ತದೆ. ನೀರು ಜಾಸ್ತಿ ಸೇರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಕಾಕ್ (ನಲ್ಲಿ) ಇರುವುದೂ ಅಲ್ಲೇ ಅಲ್ವಾ? ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ಎಷ್ಟೋ ಗಾಡಿಗಳ ಕತೆ ಇದು.

ಪರೀಕ್ಷೆ ಸುಲಭ. ಖಾಲಿ ಗಾಜಿನ ಬಾಟಲಿ ಕಾರ್ಬ್ಯುರೇಟರಿನ ಕೆಳಗೆ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿ, ಕಾಲು ಬಾಟಲಿ ಇಳಿಸಿ. ಐದು ನಿಮಿಷ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಪದರ ಅಥವಾ ಉರುಳಾಡುವ ಹನಿ ಕಂಡರೆ ಟ್ಯಾಂಕನ್ನೂ ಇಳಿಸಿ ಸ್ವಚ್ಛ ಮಾಡಬೇಕು. ಕಂದು ಪುಡಿ ಕಂಡರೆ ಟ್ಯಾಂಕಿನ ಒಳಗೆ ತುಕ್ಕು. ಬೀಡಿ ಸಿಗರೇಟು ಇರುವಲ್ಲಿ, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಈ ಕೆಲಸ ಬೇಡ.

ಮಾಡಬೇಕಾದ್ದು: ಪೆಟ್ರೋಲ್ ಪೈಪ್, ಕಾರ್ಬ್ಯುರೇಟರಿನ ಓ-ರಿಂಗ್, ಫ್ಲೋಟ್ ನೀಡಲ್, ಕಾಕಿನ ವಾಷರ್ ಒಮ್ಮೆ ಹೊಸತು ಹಾಕಿಸಿ. ಪೈಪ್ ಎಥನಾಲ್ ತಡೆಯುವಂಥದ್ದೇ ಕೇಳಿ ತನ್ನಿ. ಪಾರದರ್ಶಕ ಅಗ್ಗದ ಪೈಪ್ ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಓಡಿಸುತ್ತಿರುವ ಗಾಡಿಯಾದರೆ ಟ್ಯಾಂಕ್ ಆದಷ್ಟು ತುಂಬಿಸಿಡಿ, ಒಳಗೆ ಗಾಳಿ ಕಮ್ಮಿ ಇದ್ದಷ್ಟು ತೇವವೂ ಕಮ್ಮಿ.

ಆಯಿಲ್ ಎಷ್ಟು ಕಿ.ಮೀ.ಗೆ ಬದಲಿಸೋದು? ಯಾವುದು?

ಟ್ವಿನ್‌ಸ್ಪಾರ್ಕ್‌ಗೆ 15ಡಬ್ಲ್ಯು50, ಡಬ್ಬದ ಮೇಲೆ ಜಾಸೋ ಎಂಎ (ಬೈಕಿನ ಕ್ಲಚ್ಚಿಗೆ ಹೊಂದುವ ದರ್ಜೆ) ಎಂದಿರಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಪುಸ್ತಕದಲ್ಲಿ ಏನೇ ಇರಲಿ, ಹಳೆ ಎಂಜಿನ್ನಿಗೆ ನಾನು 3,000 ಕಿ.ಮೀ. ಅಥವಾ ಆರು ತಿಂಗಳು ಎನ್ನುತ್ತೇನೆ, ಫಿಲ್ಟರ್ ಸಮೇತ. ಒಂದು ಸಲ ಮಳೆಗಾಲ ಮುಗಿದ ಕೂಡಲೇ ಬರುವ ಹಾಗೆ ಲೆಕ್ಕ ಇಟ್ಟುಕೊಳ್ಳಿ.

ಚೈನ್ ಎರಡೇ ವಾರಕ್ಕೆ ಸಡಿಲ ಆಗ್ತದೆ. ಯಾಕೆ?

ಕೆಂಪು ಮಣ್ಣು ಮತ್ತು ಆಯಿಲ್ ಸೇರಿದರೆ ಅರೆಯುವ ಪೇಸ್ಟ್ ತಯಾರಾಗುತ್ತದೆ. ಅದರ ಮೇಲೆ ಇನ್ನಷ್ಟು ಆಯಿಲ್ ಸುರಿದರೆ ಚೈನನ್ನು ನಾವೇ ಅರೆದ ಹಾಗೆ. ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್, ಹಳೆ ಟೂತ್‌ಬ್ರಷ್ ಹಿಡಿದು ತೊಳೆಯಿರಿ. ಒರೆಸಿ. ಆಮೇಲೆ 90 ನಂಬರಿನ ಗಿಯರ್ ಆಯಿಲ್ ಒಳಬದಿಯಿಂದ ಹಚ್ಚಿ. ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಎಂಜಿನ್ ಆಫ್ ಇರಲಿ, ಚಕ್ರ ಕೈಯಲ್ಲೇ ತಿರುಗಿಸಿ. ಗಿಯರಿನಲ್ಲಿ ಹಾಕಿ ತಿರುಗಿಸಿ ಬೆರಳು ಕಳೆದುಕೊಂಡವರಿದ್ದಾರೆ.

ಸಡಿಲ 25ರಿಂದ 30 ಮಿ.ಮೀ. ಇರಲಿ, ಅದೂ ಚೈನ್ ಅತಿ ಬಿಗಿಯಾಗಿರುವ ಜಾಗದಲ್ಲಿ ಅಳೆಯಿರಿ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನ್ ಹಿಡಿದು ಹೊರಗೆ ಎಳೆದು ನೋಡಿ. ಅರ್ಧ ಹಲ್ಲು ಕಂಡರೆ ಆಯುಸ್ಸು ಮುಗಿದಿದೆ. ಆಗ ಚೈನ್ ಮಾತ್ರ ಬೇಡ, ಎರಡೂ ಸ್ಪ್ರಾಕೆಟ್ ಸೇರಿ ಸೆಟ್ ಬದಲಿಸಿ.

ಟಯರಿನಲ್ಲಿ ಹಲ್ಲು ಚೆನ್ನಾಗಿ ಉಂಟು, ಆದ್ರೂ ಬದಲಿಸಿ ಅಂತೀರಲ್ಲ?

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಎಂದಿದ್ದರೆ 2016ರ 23ನೇ ವಾರ ತಯಾರಾದದ್ದು. ರಬ್ಬರ್ ಗಟ್ಟಿಯಾದ ಟಯರ್ ಒದ್ದೆ ರಸ್ತೆ ಹಿಡಿಯುವುದಿಲ್ಲ, ಹಲ್ಲು ಎಷ್ಟಿದ್ದರೂ. ಆರು ವರ್ಷ ದಾಟಿದರೆ ನಾನು ಬದಲಿಸುತ್ತೇನೆ. ಕಾನೂನಿನ ಕನಿಷ್ಠ ಹಲ್ಲು 0.8 ಮಿ.ಮೀ., ನಮ್ಮ ಮಳೆಗೆ ಅದು ಏನೇನೂ ಸಾಲದು.

ಬ್ರೇಕ್ ಮೊದಲಿನ ಹಾಗೆ ಹಿಡಿಯೋದಿಲ್ಲ. ಪ್ಯಾಡ್ ಹೊಸತೇ ಹಾಕಿದ್ದು.

ಹಾಗಾದರೆ ಫ್ಲೂಯಿಡ್ ನೋಡಿ. ಬ್ರೇಕ್ ಫ್ಲೂಯಿಡ್ ತೇವ ಎಳೆದುಕೊಳ್ಳುತ್ತದೆ. ಘಾಟಿ ಇಳಿಯುವಾಗ ಬಿಸಿಯಾಗಿ ಆ ನೀರು ಆವಿಯಾದರೆ ಲಿವರ್ ಮೆತ್ತಗಾಗಿ ಕೈಗೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು, ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಹಾಕಬೇಕು. ಪೇಂಟಿನ ಮೇಲೆ ಒಂದು ಹನಿ ಬಿದ್ದರೂ ನೀರು ಹಾಕಿ ತೊಳೆಯಿರಿ.

ಡ್ರಮ್ ಬ್ರೇಕಿನವರು ಲೈನರಿನ ಮೇಲಿನ ಹೊಳಪನ್ನು ಎಮರಿ ಪೇಪರಿನಲ್ಲಿ ತೆಗೆಸಿ, ಕ್ಯಾಮ್ ಸ್ಪಿಂಡಲಿಗೆ ತೆಳ್ಳಗೆ ಗ್ರೀಸ್ ಹಚ್ಚಿಸಿ, ಕೇಬಲ್ ಹೊಸತು ಹಾಕಿಸಿ. ಅಂದ ಹಾಗೆ, ಬ್ರೇಕ್ ಲೈನರ್ ತಯಾರಿಯಲ್ಲಿ ನಮ್ಮೂರ ಗೇರುಬೀಜದ ಸಿಪ್ಪೆಯ ಎಣ್ಣೆಗೂ ಪಾಲಿದೆ. ಅದರಿಂದ ಮಾಡಿದ ಪುಡಿ ಬಿಸಿ ತಡೆಯುತ್ತದೆ, ಹಿಡಿತವನ್ನು ಸಮ ಇಡುತ್ತದೆ. ಗೇರು ತೋಟಗಳ ನಡುವೆ ಬ್ರೇಕ್ ಹಾಕುವಾಗಲೆಲ್ಲ ನನಗೆ ಇದು ನೆನಪಾಗಿ ಖುಷಿಯಾಗುತ್ತದೆ.

## ದೂರದ ಓಟ

ಈ ಹಳೆ ಗಾಡಿಯಲ್ಲಿ ತಲಕಾವೇರಿಗೆ ಹೋಗ್ಬಹುದಾ? ಇಬ್ಬರು ಇದ್ದೇವೆ.

ಧಾರಾಳವಾಗಿ ಹೋಗಬಹುದು. ದಾರಿ ಎರಡಿದೆ. ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಭಾಗಮಂಡಲ ಒಂದು. ರಸ್ತೆ ಅಗಲ, ಬಸ್ಸು ಲಾರಿ ಜಾಸ್ತಿ, ಕೆಟ್ಟರೆ ಸಹಾಯ ಸಿಗುತ್ತದೆ. ಕಾಞಂಗಾಡ್, ಪಾಣತ್ತೂರು, ಕರಿಕೆ, ಭಾಗಮಂಡಲ ಇನ್ನೊಂದು. ಹತ್ತಿರ, ತಂಪು, ಕಾಡಿನ ನಡುವೆ ಕಿರಿದಾದ ರಸ್ತೆ. ಆದರೆ ಕೆಟ್ಟರೆ ಮೆಕ್ಯಾನಿಕ್ ಸಿಗುವುದು ಕಷ್ಟ, ಫೋನ್ ಸಿಗ್ನಲ್ ನಂಬುವಂತಿಲ್ಲ. ಮೊದಲ ಸಲ ಹೋಗುವವರು ಸುಳ್ಯದ ದಾರಿಯಲ್ಲೇ ಹೋಗಿ. ಗಾಡಿಯ ಗುಣ ಗೊತ್ತಾದ ಮೇಲೆ ಕರಿಕೆ.

ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ, ನಾವು ಹೊರಡುವುದು ಸಮುದ್ರ ಮಟ್ಟದಿಂದ. ಹತ್ತುವಾಗ ಗಿಯರ್ ಬೇಗ ಇಳಿಸಿ, ಎಂಜಿನ್ ಗುಕ್ಕು ಗುಕ್ಕು ಎನ್ನುವವರೆಗೆ ಕಾಯಬೇಡಿ. ಇಳಿಯುವಾಗ ಹತ್ತಿದ ಗಿಯರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸಲು ಹೋಗಬೇಡಿ, ಬ್ರೇಕ್ ಕಾದು ಕೈಕೊಡುತ್ತದೆ.

ಬ್ಯಾಗಲ್ಲಿ ಎಂತೆಂತ ಇರ್ಬೇಕು?

ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಟ್ಯೂಬ್, ಪ್ಲಗ್, ಫ್ಯೂಸ್, ಚೈನ್ ಲಾಕ್, ಇನ್ಸುಲೇಷನ್ ಟೇಪ್, ಒಂದು ತುಂಡು ಬೈಂಡಿಂಗ್ ವೈರ್. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪಿನಲ್ಲಿ ಕಟ್ಟಿಬಿಡಿ. ಕಾಡಿನಲ್ಲಿ ತುಂಡಾದರೆ ಟ್ಯಾಂಕ್ ಬಿಚ್ಚದೆ ಹತ್ತು ನಿಮಿಷದಲ್ಲಿ ಜೋಡಿಸಬಹುದು. ಹಿಂದಿನ ಚಕ್ರ ಬಿಚ್ಚುವ ಸ್ಪ್ಯಾನರ್ ನಿಮ್ಮ ಕೈಯಲ್ಲೇ ಇದೆಯಾ ಎಂದು ಮನೆಯಂಗಳದಲ್ಲಿ ಒಮ್ಮೆ ಬಿಚ್ಚಿ ಹಾಕಿ ಖಚಿತ ಮಾಡಿಕೊಳ್ಳಿ.

## ಬದಲಾವಣೆಗಳು

ಎಂತ ಬದಲಾವಣೆ ಮಾಡಿದ್ರೆ ಪೊಲೀಸರು ಹಿಡಿಯೋದಿಲ್ಲ?

ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿ: ಯಾವುದು ಕಾನೂನಿಗೆ ಸರಿ? 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳ ಹೈಕೋರ್ಟಿನ ಒಂದು ತೀರ್ಪನ್ನು ರದ್ದು ಮಾಡಿ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದಿತು. ಕಾಯ್ದೆಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ. ಚಾಸಿಸ್ ಕತ್ತರಿಸುವುದು, ಬೇರೆ ಎಂಜಿನ್ ಕೂರಿಸುವುದು, ಅನುಮತಿ ಇಲ್ಲದೆ ಬಣ್ಣ ಬದಲಿಸುವುದು ಬೇಡ. ಕ್ಯಾರಿಯರ್, ಬ್ಯಾಗ್ ಕಟ್ಟುವ ಫ್ರೇಮ್, ಒಳ್ಳೆ ಸೀಟ್, ಗಾಳಿ ತಡೆಯುವ ಶೀಲ್ಡ್, ಮೊಬೈಲ್ ಚಾರ್ಜರ್, ಇವು ದೂರದ ಓಟಕ್ಕೆ ನಿಜವಾಗಿ ಬೇಕಾದವು.

ನನ್ನ ನಿಯಮ ಇಷ್ಟೇ. ಬಿಚ್ಚಿದರೆ ಗಾಡಿ ಮೊದಲಿನ ಹಾಗೇ ಆಗಬೇಕು. ಕತ್ತರಿಸುವ, ವೆಲ್ಡ್ ಮಾಡುವ ಕೆಲಸಕ್ಕೆ ನಾನಿಲ್ಲ. ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಎತ್ತಿಡಿ.

ಸೈಲೆನ್ಸರ್ ಬದಲಿಸಿದ್ರೆ ಪಿಕಪ್ ಜಾಸ್ತಿ ಆಗ್ತದಾ?

ಶಬ್ದ ಜಾಸ್ತಿ ಆಗುತ್ತದೆ. ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಹಾಗೇ ಇಟ್ಟು ಸೈಲೆನ್ಸರೂ ಏರ್ ಫಿಲ್ಟರೂ ತೆರೆದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತದೆ. ಆಕ್ಸಿಲರೇಟರ್ ಬಿಡುವಾಗ ಪಟಪಟ ಸಿಡಿಯುವುದು ಅದರ ಗುರುತು. ಶಬ್ದಕ್ಕೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ ಇದೆ. ಊರಿನ ಮಕ್ಕಳು, ಮುದುಕರು, ಹಟ್ಟಿಯ ದನ ಎಲ್ಲ ಬೆಚ್ಚಿಬೀಳುವ ಶಬ್ದ ಬೇಡ ಮಾರಾಯ್ರೇ.

ಎರಡು ಗಂಟೆಗೇ ಬೆನ್ನು ನೋಯ್ತದೆ. ಸೀಟ್ ಮೆತ್ತಗೆ ಮಾಡಿಸ್ಲಾ?

ಮೆತ್ತಗೆ ಬೇಡ, ಗಟ್ಟಿ ಮಾಡಿಸಿ. ಮೆತ್ತಗಿನ ಸ್ಪಂಜ್ ಅರ್ಧ ಗಂಟೆ ಸುಖ ಕೊಟ್ಟು ಆಮೇಲೆ ಅದುಮಿ ತಗಡಿನ ಮೇಲೆ ಕೂರಿಸುತ್ತದೆ. ಸೀಟ್ ಕುಶನ್ ಅಂಗಡಿಯಲ್ಲಿ ಗಟ್ಟಿ ಫೋಮ್, ಮೇಲೆ ತೆಳ್ಳಗೆ ಮೃದುವಾದದ್ದು ಹಾಕಿಸಿ. ಹೊಲಿಗೆ ಬದಿಯಲ್ಲಿ ಬರಲಿ, ಮೇಲೆ ಬಂದರೆ ಮಳೆ ನೀರು ಹೊಲಿಗೆಯಿಂದ ಇಳಿದು ಫೋಮ್ ಕುಡಿಯುತ್ತದೆ. ಸೀಟಿಗಿಂತ ಮೊದಲು ಹ್ಯಾಂಡಲ್ ನೋಡಿ. ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ಪೂರ್ತಿ ನೀಟಿ ಕೂತರೆ ಯಾವ ಸೀಟೂ ಬೆನ್ನು ಉಳಿಸುವುದಿಲ್ಲ.

ದೊಡ್ಡ ಲೈಟ್ ಹಾಕಿಸಿದೆ, ಈಗ ಬ್ಯಾಟರಿ ನಿಲ್ಲೋದಿಲ್ಲ.

ಮೀಟರ್ ಹಿಡಿದು ನೋಡಿ. ಎಂಜಿನ್ ಆಫ್ ಇರುವಾಗ ಒಳ್ಳೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಮಾಡಿ ರೇಸ್ ಕೊಟ್ಟಾಗ 13.5ರಿಂದ 14.5. ಈಗ ಎಲ್ಲ ಲೈಟ್ ಹಾಕಿ ಮತ್ತೆ ನೋಡಿ. 13ಕ್ಕಿಂತ ಕೆಳಗಿಳಿದರೆ ಗಾಡಿ ಹುಟ್ಟಿಸುವ ಕರೆಂಟಿಗಿಂತ ನಿಮ್ಮ ಖರ್ಚು ಜಾಸ್ತಿ ಎಂದೇ ಲೆಕ್ಕ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಬೇಯುತ್ತಿದೆ.

60/55 ವ್ಯಾಟಿನ ಹೆಡ್‌ಲೈಟ್ ಜಾಗಕ್ಕೆ 100/90 ಬಲ್ಬ್ ಹಾಕಿ ಸ್ವಿಚ್ ಕರಗಿಸಿಕೊಂಡವರು ಬಹಳ ಮಂದಿ. ಬಲ್ಬ್ ಮೂಲದ್ದೇ ಇರಲಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರ್, ನಡುವೆ ಫ್ಯೂಸ್ ಕೊಡಿಸಿ. ಅದೇ ಬಲ್ಬ್ ಎಷ್ಟು ಪ್ರಕಾಶ ಕೊಡುತ್ತದೆ ಎಂದು ನೀವೇ ನೋಡಿ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ಪಟ್ಟಿ ಯಾರಿಗೂ ಒಳ್ಳೆಯದಲ್ಲ, ದಂಡವೂ ಬೀಳುತ್ತದೆ. ಜಾಯಿಂಟ್‌ಗಳನ್ನು ಬರೀ ಟೇಪ್ ಸುತ್ತಿ ಬಿಡಬೇಡಿ. ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೊಡಿಸಿ. ನಮ್ಮ ಉಪ್ಪುಗಾಳಿಗೆ ತೆರೆದ ತಾಮ್ರ ಒಂದೇ ಮಳೆಗಾಲದಲ್ಲಿ ಹಸಿರಾಗುತ್ತದೆ.

## ಎಂಜಿನ್ ಒಳಗೆ

ಟ್ವಿನ್‌ಸ್ಪಾರ್ಕಿನ ಸೆಲ್ಫ್ ಹೊಡೆದಾಗ ಕರಕರ ಅಂತದೆ. ಎಂತ ಅದು?

ಹೆಚ್ಚಾಗಿ ಸ್ಪ್ರಾಗ್ ಕ್ಲಚ್. ಸ್ಟಾರ್ಟರಿನ ತಿರುಗನ್ನು ಎಂಜಿನ್ನಿಗೆ ಒಂದೇ ದಿಕ್ಕಿನಲ್ಲಿ ದಾಟಿಸುವ ಭಾಗ ಅದು. ಬ್ಯಾಟರಿ ಸೋತಿರುವಾಗ ಸೆಲ್ಫ್ ಒತ್ತುತ್ತಾ ಹೋದರೆ ಎಂಜಿನ್ ಹಿಂದಕ್ಕೆ ಒದ್ದು ಅದರ ಹಿಡಿತ ಸವೆಯುತ್ತದೆ. ಈ ಎಂಜಿನ್ನಿನ ಗೊತ್ತಿರುವ ದುರ್ಬಲ ಜಾಗ ಇದೇ. ಶಬ್ದ ಶುರುವಾದರೆ ಸೆಲ್ಫ್ ಬಿಟ್ಟು ಕಿಕ್ ಬಳಸಿ, ಬೇಗ ಬಿಚ್ಚಿಸಿ. ಬೆಳಿಗ್ಗೆಯ ಮೊದಲ ಸ್ಟಾರ್ಟ್ ಯಾವತ್ತೂ ಕಿಕ್ಕಿನಲ್ಲೇ ಮಾಡಿದರೆ ಈ ಭಾಗ ಎಷ್ಟೋ ಕಾಲ ಬರುತ್ತದೆ.

ಕಾಸ್ಟ್ ಐರನ್ನಿನ ಟ್ಯಾಪೆಟ್ ನಾನೇ ಸೆಟ್ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು. ರಾತ್ರಿ ನಿಂತ ತಣ್ಣಗಿನ ಎಂಜಿನ್ ಆಗಿರಲಿ. ಪ್ಲಗ್ ಬಿಚ್ಚಿ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ತುದಿಗೆ ಬರುವಂತೆ ಮೆಲ್ಲಗೆ ತಿರುಗಿಸಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಟ್ಯಾಪೆಟ್ ಕವರ್ ತೆಗೆದರೆ ಎರಡು ಪುಶ್ ರಾಡ್ (ವಾಲ್ವ್ ತೆರೆಸುವ ಸರಳು) ಕಾಣುತ್ತವೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುಗಿಸಿ. ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಿಸಿದರೆ ಚೂರೂ ಅಲುಗಬಾರದು. ಇಷ್ಟೇ ಅಳತೆ. ಹಾಗಿಲ್ಲದಿದ್ದರೆ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ ಸರಿ ಮಾಡಿ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿ, ಬಿಗಿ ಮಾಡುವಾಗ ಸೆಟ್ಟಿಂಗ್ ಬದಲಾಗುವುದು ಸಾಮಾನ್ಯ. ಶಬ್ದ ಪೂರ್ತಿ ನಿಲ್ಲಬೇಕೆಂದು ಬಿಗಿ ಮಾಡಬೇಡಿ. ಬಿಗಿಯಾದ ಟ್ಯಾಪೆಟ್ ವಾಲ್ವ್ ಸುಡುತ್ತದೆ, ಸಣ್ಣ ಟಿಕ್ ಟಿಕ್ ಏನೂ ಮಾಡುವುದಿಲ್ಲ.

ಕವರ್ ತೆಗೆದ ದಿನವೇ ಪಾಯಿಂಟ್ ಗ್ಯಾಪ್ ಕೂಡ ನೋಡಿಬಿಡಿ. 0.35ರಿಂದ 0.40 ಮಿ.ಮೀ. ಇರಲಿ.

ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ದೊಡ್ಡದು ಹಾಕಿದ್ರೆ ಹೈವೇಗೆ ಒಳ್ಳೆಯದಂತೆ?

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಬ್ಬರೇ ಹೋಗುವವರಿಗೆ ಒಳ್ಳೆಯದೇ. ಅದೇ ವೇಗಕ್ಕೆ ಎಂಜಿನ್ ಕಮ್ಮಿ ತಿರುಗುತ್ತದೆ, ಅದುರುವುದು ಕಮ್ಮಿ. ಆದರೆ ಇಬ್ಬರು ಕೂತು, ಬ್ಯಾಗ್ ಕಟ್ಟಿ ಸಂಪಾಜೆ ಹತ್ತುವಾಗ ಮೂರನೇ ಗಿಯರಿನ ಕೆಲಸಕ್ಕೆ ಎರಡನೇ ಗಿಯರ್ ಬೇಕಾಗುತ್ತದೆ. ನಮ್ಮ ಜಿಲ್ಲೆಯಿಂದ ಪೂರ್ವಕ್ಕೆ ಹೋದರೆ ಘಾಟಿಯೇ ಅಲ್ವಾ? ನಾನು ಮೂಲದ್ದನ್ನೇ ಇಟ್ಟುಕೊಂಡಿದ್ದೇನೆ.

ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸೋದು ಯಾವಾಗ?

"ಹಳೆಯದಾಯಿತು" ಎಂಬ ಒಂದೇ ಕಾರಣಕ್ಕೆ ಬಿಚ್ಚಿಸಬೇಡಿ. ಬೋರ್ ಮಾಡಿಸುವುದೆಂದರೆ ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ದೊಡ್ಡ ಪಿಸ್ಟನ್ ಹಾಕಿಸುವುದು. ಆಯಿಲ್ ಪದೇ ಪದೇ ಕಮ್ಮಿಯಾಗುವುದು, ಬಿಸಿಯಾದ ಮೇಲೂ ನೀಲಿ ಹೊಗೆ, ಎಳೆತ ಬಿದ್ದಿರುವುದು, ಇವು ಒಟ್ಟಿಗೆ ಕಂಡರೆ ಮಾತ್ರ ಯೋಚಿಸಿ. ಟ್ವಿನ್‌ಸ್ಪಾರ್ಕಿನಲ್ಲಿ ಕಂಪ್ರೆಷನ್ ಗೇಜ್ ಕಮ್ಮಿ ತೋರಿಸಿತೆಂದು ಹೆದರಬೇಡಿ. ಅದರಲ್ಲಿ ತಾನೇ ಕೆಲಸ ಮಾಡುವ ಡಿಕಂಪ್ರೆಸರ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒತ್ತಡ ಇಳಿಸುವ ಭಾಗ) ಇದೆ, ಕಿಕ್ಕಿನ ವೇಗದಲ್ಲಿ ಗೇಜ್ ನಿಜ ಹೇಳುವುದಿಲ್ಲ. ಸಿಲಿಂಡರಿಗೆ ಗಾಳಿ ತುಂಬಿಸಿ ಎಲ್ಲಿಂದ ಸೋರುತ್ತದೆ ಎಂದು ಕೇಳಿಸಿಕೊಳ್ಳುವ ಮೆಕ್ಯಾನಿಕ್‌ ಹತ್ತಿರ ಹೋಗಿ. ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರಿನಲ್ಲಿ ಕೇಳಿದರೆ ಇನ್‌ಲೆಟ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್. ವಾಲ್ವ್ ಮಾತ್ರ ಕೆಟ್ಟಿದ್ದರೆ ಬೋರ್ ಮುಟ್ಟುವ ಅಗತ್ಯವೇ ಇಲ್ಲ.

ಬೋರ್ ಮಾಡಿಸಲೇಬೇಕಾದರೆ ಪಿಸ್ಟನ್ ಮೊದಲು ತನ್ನಿ. ಲೇತಿನವರಿಗೆ ಆ ಪಿಸ್ಟನ್ ಕೊಟ್ಟು, ಅದನ್ನೇ ಅಳೆದು ಬೋರ್ ಮಾಡಲು ಹೇಳಿ. ಓವರ್‌ಸೈಜ್ ನಂಬರ್ ನೋಡಿ ಅಂದಾಜಿನಲ್ಲಿ ಕೊರೆದರೆ ಬಿಗಿಯಾಗಿ ಸೀಜ್ ಆಗುತ್ತದೆ, ಇಲ್ಲವೇ ಸಡಿಲಾಗಿ ಹೊಗೆ ಬಿಡುತ್ತದೆ. ಜೋಡಿಸಿದ ಮೇಲೆ ಮೊದಲ 500 ಕಿ.ಮೀ. ಘಾಟಿ ಬೇಡ, ಹಿಂದೆ ಯಾರನ್ನೂ ಕೂರಿಸಬೇಡಿ, ಒಂದೇ ವೇಗದಲ್ಲಿ ಹೈವೇ ಓಟವೂ ಬೇಡ. ಕುಂಬಳೆಯಿಂದ ಬದಿಯಡ್ಕ, ಅಲ್ಲಿಂದ ಮುಳ್ಳೇರಿಯ, ಹೀಗೆ ಏರು ಇಳಿವು ಸಣ್ಣದಾಗಿರುವ ರಸ್ತೆಯಲ್ಲಿ ವೇಗ ಹೆಚ್ಚು ಕಮ್ಮಿ ಮಾಡುತ್ತಾ ಓಡಿಸಿ. 500 ಆದ ಕೂಡಲೇ ಆಯಿಲೂ ಫಿಲ್ಟರೂ ಬದಲಿಸಿ, ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ನುಣ್ಣಗಿನ ಬೂದು ಪುಡಿ ಇದ್ದರೆ ಸಹಜ. ಹೊಳೆಯುವ ಚೂರು ಬೆರಳಿಗೆ ತಾಗಿದರೆ ಓಡಿಸುವುದು ನಿಲ್ಲಿಸಿ, ಎಂಜಿನ್ ಕಟ್ಟಿದವರಿಗೇ ಆ ಬಟ್ಟೆ ತೋರಿಸಿ.